ವಿಮಾನಕ್ಕೆ ಹಚ್ಚಿದ ಗಂಧ

೩ ಆಗಸ್ಟ್ ೧೯೬೪, ಸೋಮವಾರ

ಯಜಮಾನರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಏಳು ತಿಂಗಳು ಖಾಲಿ ಬಿದ್ದಿತ್ತು. ಬರೆಯುವಂಥದ್ದು ಏನೂ ಇರಲಿಲ್ಲ. ಇವತ್ತು ಹೊಟ್ಟೆ ಉರಿಯುತ್ತಿದೆ, ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಪ್ಪತ್ತೆರಡು ವರ್ಷದಿಂದ ಇಲ್ಲಿ ಅಕ್ಷರ ಬರೆಯುವವನು ನಾನು. ಯಜಮಾನರಾದ ಗೌರೀಶಂಕರರ ತಂದೆಯ ಕಾಲದಲ್ಲಿ ಚಾಮರಾಜಪೇಟೆಯಲ್ಲಿದ್ದಾಗ ಸೇರಿದವನು, ಈಗ ಜಯನಗರ ಎರಡನೇ ಬ್ಲಾಕಿನಲ್ಲಿ ಅವರ ಮನೆಯ ಹಿಂದಿನ ಶೆಡ್ಡಿಗೆ ಬಂದ ಮೇಲೂ ಇದ್ದೇನೆ. ಮರದಲ್ಲಿ ಸಣ್ಣ ಬಸ್ಸು, ಹಡಗು, ರೈಲು ಮಾಡಿ ಕೊಡುತ್ತೇವೆ, ಕಂಪನಿಗಳವರು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ಮರದ ಕೆಲಸ ಬದರಿನಾಥನದು. ಬಣ್ಣ ಮತ್ತು ಹೆಸರು ನನ್ನದು. ಅಕ್ಕಿಕಾಳಿನಷ್ಟು ಅಕ್ಷರವನ್ನೂ ಕುಂಚದಲ್ಲಿ ಬರೆದಿದ್ದೇನೆ, ಭೂತಗನ್ನಡಿ ಇಟ್ಟು ನೋಡಿದವರು ತಪ್ಪು ಹುಡುಕಲು ಸೋತಿದ್ದಾರೆ.

ಇವತ್ತು ಯಜಮಾನರು ಒಬ್ಬ ಹೆಂಗಸನ್ನು ಕರೆದುಕೊಂಡು ಬಂದು ನನ್ನ ಮೇಜಿನ ಎದುರಿನ ಮೇಜು ಕೊಟ್ಟರು. ಹೆಸರು ಜಯಾ. ವಿಲ್ಸನ್ ಗಾರ್ಡನ್‌ನಿಂದ ಬರುತ್ತಾಳೆ. ಮೂವತ್ತರ ಹತ್ತಿರ ಇರಬೇಕು, ಮದುವೆಯಾಗಿಲ್ಲ, ಕಣ್ಣು ಕಾಣದ ತಾಯಿ ಇದ್ದಾರಂತೆ. ಪಿಂಗಾಣಿ ಕಪ್ಪುಗಳ ಮೇಲೆ ಹೂವಿನ ಚಿತ್ರ ಅಂಟಿಸುತ್ತಿದ್ದಳಂತೆ. ಕಪ್ಪಿಗೆ ಹೂವು ಅಂಟಿಸುವವಳಿಗೆ ಇಲ್ಲೇನು ಕೆಲಸ ಅಂದೆ. ಮದರಾಸಿನ ಟ್ರಾವೆಲ್ ಕಂಪನಿಯವರಿಗೆ ಮಾಡುವ ಮರದ ವಿಮಾನಕ್ಕೆ ಇನ್ನು ಮೇಲೆ ಹೆಸರು ಬರೆಯುವುದಿಲ್ಲವಂತೆ, ಇಂಗ್ಲೆಂಡಿನಿಂದ ಟ್ರಾನ್ಸ್‌ಫರ್ ಬರುತ್ತದಂತೆ. ನೀರಿನಲ್ಲಿ ನೆನೆಸಿದರೆ ಅಕ್ಷರ ಕಾಗದ ಬಿಟ್ಟು ಜಾರುತ್ತದೆ, ಅದನ್ನು ತಂದು ಅಂಟಿಸಿದರೆ ಮುಗಿಯಿತು.

ಅಂದರೆ ನಾನೂ ಮುಗಿದೆ ಅಂತ ಅರ್ಥ. ಅದನ್ನು ಯಜಮಾನರು ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ.

೫ ಆಗಸ್ಟ್, ಬುಧವಾರ

ಆ ಹೆಂಗಸು ಕುದಿಸಿ ಆರಿಸಿದ ನೀರು ಬೇಕು ಅಂದಳು. ಬಾವಿ ನೀರು ಒಣಗಿದ ಮೇಲೆ ಬಿಳೀ ಕಲೆ ಬಿಡುತ್ತದಂತೆ. ಬದರಿನಾಥ ಸ್ಟವ್ ಹಚ್ಚಿ ಕಾಯಿಸಿ ಕೊಟ್ಟ, ಅತ್ತೆ ಮನೆಗೆ ಬಂದ ಅಳಿಯನಿಗೂ ಅಷ್ಟು ಉಪಚಾರ ಇರುವುದಿಲ್ಲ. ಹಳೆಯದೊಂದು ತುಂಡು ಟ್ರಾನ್ಸ್‌ಫರ್ ತಟ್ಟೆಯಲ್ಲಿ ಮುಳುಗಿಸಿ, ಇಪ್ಪತ್ತು ಎಣಿಸಿ, ಒದ್ದೆ ಕುಂಚದ ತುದಿಯಿಂದ ಮೆಲ್ಲನೆ ತಳ್ಳಿದಳು. ಅಕ್ಷರ ಹಲಗೆಯ ಮೇಲೆ ಹೋಗಿ ಕೂತಿತು. ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ಒತ್ತಿ ಗಾಳಿ ತೆಗೆದಳು.

ಯಜಮಾನರು ಭೇಷ್ ಅಂದರು. ಜಾದೂ ನೋಡಿದವರ ಹಾಗೆ ಎರಡು ಸಲ ಅಂದರು. ಇಪ್ಪತ್ತೆರಡು ವರ್ಷದಲ್ಲಿ ನನಗೆ ಎಷ್ಟು ಸಲ ಅಂದಿದ್ದಾರೆ ಎಂದು ನೆನಪು ಮಾಡಿಕೊಳ್ಳಲು ಹೋಗಿ ಬಿಟ್ಟೆ.

೧೯ ಆಗಸ್ಟ್, ಬುಧವಾರ

ಇದನ್ನು ಎಲ್ಲೂ ಬರೆದಿಲ್ಲ, ಹೆಂಡತಿಗೂ ಹೇಳಿಲ್ಲ. ಹೋದ ಯುಗಾದಿಯಿಂದ ನನ್ನ ಬಲಗೈ ನಡುಗುತ್ತದೆ. ಊಟ ಮಾಡುವಾಗ ಇಲ್ಲ, ಕುಂಚ ಹಿಡಿದಾಗ ಮಾತ್ರ. ಕೈಗೆ ಆಸರೆಯ ಕೋಲು ಇಟ್ಟುಕೊಂಡು, ಉಸಿರು ಹಿಡಿದು, ಇಷ್ಟು ದಿನ ತಳ್ಳಿದ್ದೇನೆ.

ಇವತ್ತು ಬಸ್ಸಿನ ಪಕ್ಕದ ಹೆಸರು ಬರೆಯುವಾಗ ಕೋಲು ಇಟ್ಟರೂ ನಿಲ್ಲಲಿಲ್ಲ. ಒಂದು ಗೆರೆ ಹಾವಿನ ಹಾಗೆ ಹೋಯಿತು. ತಲೆ ಎತ್ತಿದರೆ ಆ ಹೆಂಗಸು ನೋಡುತ್ತಿದ್ದಾಳೆ. ಅದೇ ಹೊತ್ತಿಗೆ ಯಜಮಾನರು ಒಳಗೆ ಬಂದರು. ಅವಳು ಎದ್ದು, ಮದರಾಸಿನ ಪತ್ರದಲ್ಲಿ ಏನೋ ಅರ್ಥವಾಗಲಿಲ್ಲ ಅಂತ ಅವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡಳು. ನಾನು ಅಷ್ಟರಲ್ಲಿ ಟರ್ಪೆಂಟೈನಿನಲ್ಲಿ ಗೆರೆ ಒರೆಸಿದೆ.

ಬೇಕಂತಲೇ ಮಾಡಿದಳೋ, ನಿಜಕ್ಕೂ ಅರ್ಥವಾಗಿರಲಿಲ್ಲವೋ ಗೊತ್ತಿಲ್ಲ. ಗೊತ್ತಾದರೆ ನನಗೇನು ಆಗಬೇಕು.

೭ ಸೆಪ್ಟೆಂಬರ್, ಸೋಮವಾರ

ಮನೆಯಲ್ಲಿ ಮೂರು ದಿನದ ರಗಳೆ. ಹೆಂಡತಿ ಲಕ್ಷ್ಮಿದೇವಮ್ಮ ಹಿಂದಿನ ವರಾಂಡದಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಾಳೆ, ನಾನು ಅನ್ನ ಸೀಯಿಸಿಕೊಂಡು ತಿಂದು ಕೆಲಸಕ್ಕೆ ಹೋಗಿದ್ದೇನೆ. ಹೊರಗಿನಿಂದಲೇ ಇಷ್ಟು ಉಪ್ಪು ಹಾಕಿ, ಅಷ್ಟು ಹುಣಿಸೆ ಹಿಂಡಿ ಅಂತ ಹೇಳುತ್ತಾಳೆ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನನ್ನ ಸಾರು ಸಾರಾಗಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಜಯಾ ವಾಸನೆಯಲ್ಲೇ ತಿಳಿದುಕೊಂಡಳು. ಏನೂ ಕೇಳದೆ ತನ್ನ ಡಬ್ಬಿಯಿಂದ ಎರಡು ಚಪಾತಿ, ಬದನೆಕಾಯಿ ಪಲ್ಯ ತೆಗೆದು ನನ್ನ ಮುಚ್ಚಳದಲ್ಲಿಟ್ಟಳು. ಬೇಡ ಅನ್ನಬೇಕಿತ್ತು. ಹಸಿವಾಗಿತ್ತು, ತಿಂದೆ.

ಊಟವಾದ ಮೇಲೆ ಕೇಳಿದಳು:

"ಸಾರ್, ನೀವೂ ಒಂದ್ಸಲ ಟ್ರಾನ್ಸ್‌ಫರ್ ಅಂಟಿಸಿ ನೋಡ್ತೀರಾ?"

ನನಗೆ ಕೋಪ ಬಂತು. ಈ ಕೈಯಲ್ಲಿ ಮಾಡಿ ತೋರಿಸಿ ನಗೆಪಾಟಲಾಗಲಾ ಅಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತು. ಅವಳು ಸುತ್ತ ನೋಡಿದಳು. ಬದರಿನಾಥ ಹೊರಗೆ ಬೀಡಿ ಸೇದುತ್ತಿದ್ದ.

"ನೀರು ಆರೋ ತನಕ ಅದು ಎಲ್ಲೂ ಅಂಟಿಕೊಳ್ಳಲ್ಲ ಸಾರ್. ಕೈ ಅಲ್ಲಾಡಿ ಓರೆಯಾದ್ರೆ ಮತ್ತೆ ತಳ್ಳಬಹುದು. ಬಣ್ಣದ ಥರ ಅಲ್ಲ ಇದು."

೨೪ ಸೆಪ್ಟೆಂಬರ್, ಗುರುವಾರ

ಬಸ್ಸಿನ ಕಂಪನಿಯವರೂ ಟ್ರಾನ್ಸ್‌ಫರ್ ಕಳಿಸಿದ್ದರು, ಹನ್ನೊಂದು ಅಕ್ಷರದ ಹೆಸರನ್ನು ಬಸ್ಸಿನ ಪಕ್ಕಕ್ಕೆ ನಾನೇ ಕೂರಿಸಿದೆ. ಜಯಾ ಜಾಗವನ್ನು ಒದ್ದೆ ಮಾಡಿ ಕೊಟ್ಟಳು, ಅಷ್ಟೇ. ಕುಂಚದ ತುದಿ ನಡುಗಿತು, ಅಕ್ಷರವೂ ಅತ್ತಿತ್ತ ತೇಲಿತು, ಆದರೆ ಕೊನೆಗೆ ಗೆರೆಗೆ ಬಂದು ನಿಂತಿತು. ಯಜಮಾನರು ನೋಡಿ, ಚಕ್ರಪಾಣಿಗಳೇ, ನಿಮ್ಮ ಕೈ ಇನ್ನೂ ಹದಿನೆಂಟರದ್ದು ಅಂದರು. ಜಯಾ ತಲೆ ಎತ್ತಲಿಲ್ಲ. ಕತ್ತರಿಯಲ್ಲಿ ಕಾಗದದ ಅಂಚು ಕತ್ತರಿಸುತ್ತಾ ಕೂತಿದ್ದಳು.

ಸಂಜೆ ಮಾಧವನ್ ಪಾರ್ಕ್ ಕಡೆಯಿಂದ ನಡೆದುಕೊಂಡು ಮನೆಗೆ ಬಂದೆ. ಸೈಕಲ್ ಕೆಟ್ಟಿತ್ತು ಅಂತಲ್ಲ, ತಳ್ಳಿಕೊಂಡು ನಡೆಯಬೇಕು ಅನ್ನಿಸಿತು. ಮಲ್ಲಿಗೆ ಒಂದು ಮೊಳ ತಂದೆ. ಏನು ವಿಶೇಷ ಅಂತ ಲಕ್ಷ್ಮಿದೇವಮ್ಮ ಮೂರು ಸಲ ಕೇಳಿದಳು.

ಯಜಮಾನರು ಇನ್ನೊಂದು ಮಾತು ಹೇಳಿದರು. ಹೊಸ ವರ್ಷದಿಂದ ಈ ಕೆಲಸಕ್ಕೆ ಒಬ್ಬರು ಸಾಕಾಗುತ್ತದೆ, ವಿಮಾನ ಹೋದ ಮೇಲೆ ಯೋಚನೆ ಮಾಡೋಣ ಅಂದರು. ಯಾರ ಬಗ್ಗೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

೧೩ ಅಕ್ಟೋಬರ್, ಮಂಗಳವಾರ

ವಿಮಾನ ಸಿದ್ಧವಾಗಿದೆ. ನಾಲ್ಕು ಅಡಿ ರೆಕ್ಕೆ, ಹಾಲಿನಂಥ ಬಿಳೀ ಬಣ್ಣ, ಪಕ್ಕದಲ್ಲಿ ನೀಲಿ ಪಟ್ಟೆ. ಬಣ್ಣ ನನ್ನದು. ಇಂಗ್ಲೆಂಡಿನ ಟ್ರಾನ್ಸ್‌ಫರ್ ಒಂದೇ ಒಂದು ಸೆಟ್ ಬಂದಿತ್ತು. ಅದು ಕೆಟ್ಟರೆ ಇನ್ನೊಂದಕ್ಕೆ ತಿಂಗಳುಗಟ್ಟಲೆ ಕಾಯಬೇಕು ಅಂತ ಯಜಮಾನರು ನನ್ನನ್ನು ಅದರ ಹತ್ತಿರ ಬಿಡಲಿಲ್ಲ. ಪೂರ್ತಿ ಜಯಾಳೇ ಮಾಡಲಿ ಅಂದರು. ಅವಳು ಬೆಳಗಿನಿಂದ ಐದು ಗಂಟೆಯವರೆಗೆ ಬೆನ್ನು ಎತ್ತಲಿಲ್ಲ. ಬಾಲದ ಮೇಲೆ ಕಂಪನಿಯ ದೊಡ್ಡ ಅಕ್ಷರಗಳು, ರೆಕ್ಕೆಯ ಮೇಲೆ ನಂಬರು, ಕಿಟಕಿಗಳು ಕೂಡ ಅದರಲ್ಲೇ ಇದ್ದವು. ಚೆನ್ನಾಗಿತ್ತು. ಚೆನ್ನಾಗಿತ್ತು ಅಂತ ಒಪ್ಪಿಕೊಳ್ಳುವಾಗ ಎದೆಯಲ್ಲಿ ಏನೋ ಚುಚ್ಚಿತು.

ಹೊರಡುವಾಗ ಅವಳು ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು:

"ಸಾರ್, ನಾಳೆ ಪೂಜೆಗೆ ನಾನು ಬರೋ ಹಾಗಿಲ್ಲ. ಶನಿವಾರ ಬರ್ತೀನಿ. ವಿಮಾನಕ್ಕೆ ಮಾತ್ರ ಗಂಧ ಕುಂಕುಮ ಹಚ್ಚಬೇಡಿ. ಇನ್ನೂ ವಾರ್ನಿಷ್ ಆಗಿಲ್ಲ, ಒದ್ದೆ ತಾಗಿದ್ರೆ ಎದ್ದುಬಿಡುತ್ತೆ."

ಬರೋ ಹಾಗಿಲ್ಲ ಅಂದರೆ ಏನು ಅಂತ ಗೊತ್ತಾಯಿತು. ಆಗಲಿ ಅಂದೆ.

೧೪ ಅಕ್ಟೋಬರ್, ಬುಧವಾರ. ಆಯುಧಪೂಜೆ

ಬೆಳಿಗ್ಗೆ ಲಕ್ಷ್ಮಿದೇವಮ್ಮ ಪ್ರತಿ ವರ್ಷದಂತೆ ಗಂಧ ತೇಯ್ದು ಬೆಳ್ಳಿ ಬಟ್ಟಲಲ್ಲಿ ಕೊಟ್ಟಳು. ಶೆಡ್ಡಿನಲ್ಲಿ ಗಂಧ ಹಚ್ಚುವುದು ಹಿರಿಯ ಕೆಲಸಗಾರನ ಹಕ್ಕು. ಯಜಮಾನರ ತಂದೆ ಹಾಕಿಕೊಟ್ಟ ಪದ್ಧತಿ. ಗರಗಸ, ಉಳಿ, ಲೇತು, ಕುಂಚ, ಕೊನೆಗೆ ಆ ವರ್ಷದ ದೊಡ್ಡ ಕೆಲಸಕ್ಕೆ ಗಂಧದ ಬೊಟ್ಟಿಟ್ಟು ಹೂವು ಇಡಬೇಕು.

ಯಜಮಾನರು, ಬದರಿನಾಥ ಇಬ್ಬರೂ ಗೇಟಿನ ಹತ್ತಿರ ಕುಂಬಳಕಾಯಿ ಒಡೆಯಲು ಹೋದರು. ವಿಮಾನದ ಮುಂದೆ ನಾನೊಬ್ಬನೇ ನಿಂತೆ. ಜಯಾ ಹೇಳಿದ್ದು ನೆನಪಿತ್ತು. ಮರೆತಿದ್ದೆ ಅಂತ ಇಲ್ಲಿ ಬರೆದುಕೊಂಡು ಏನು ಪ್ರಯೋಜನ? ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಂದು ವರ್ಷವೂ ದೊಡ್ಡ ಕೆಲಸಕ್ಕೆ ಗಂಧ ತಪ್ಪಿಸಿಲ್ಲ. ನಿನ್ನೆ ಮೊನ್ನೆ ಬಂದವಳು ಹಚ್ಚಬೇಡಿ ಅಂದರೆ ಹಚ್ಚದೆ ಇರಲೇನು? ಒಂದು ಬೊಟ್ಟಿಗೆ ಏನಾಗುತ್ತದೆ ಅಂತ ಬಾಲದ ಮೇಲೆ, ಅಕ್ಷರಗಳ ಮೇಲೆಯೇ, ಮೂರು ಬೆರಳಿನಲ್ಲಿ ಎಳೆದು ಹಚ್ಚಿದೆ. ನಡುವೆ ಕುಂಕುಮ ಇಟ್ಟೆ. ಅದರ ಮೇಲೆ ಒದ್ದೆ ಚೆಂಡುಹೂವಿನ ಹಾರ ಹಾಕಿದೆ, ಬಾಲ ಮುಚ್ಚಿಹೋಯಿತು.

ಪ್ರಸಾದ ಹಂಚುವಾಗ ಯಜಮಾನರು ಜಯಾ ಎಲ್ಲಿ ಅಂದರು. ಅವಳಿಗೆ ಸೀರೆ ತಂದಿಟ್ಟಿದ್ದರು. ಬರೋ ಹಾಗಿಲ್ಲವಂತೆ ಅಂದೆ. ಓಹೋ ಅಂದರು. ಸೀರೆಯನ್ನು ಕಪಾಟಿನಲ್ಲಿ ವಾಪಸಿಟ್ಟರು.

೧೬ ಅಕ್ಟೋಬರ್, ಶುಕ್ರವಾರ

ನಿನ್ನೆ ವಿಜಯದಶಮಿ, ರಜ. ಇವತ್ತು ಬೀಗದ ಕೈ ನನ್ನ ಹತ್ತಿರ ಇದ್ದದ್ದರಿಂದ ಮೊದಲು ಬಂದವನು ನಾನು. ಹಾರ ತೆಗೆದೆ. ಗಂಧ ಒಣಗಿ ಬಿರುಕು ಬಿಟ್ಟಿತ್ತು. ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿದರೆ ಅಕ್ಷರಗಳು ಅದರ ಜೊತೆಯೇ ಸಿಪ್ಪೆಯ ಹಾಗೆ ಎದ್ದು ಬಂದವು. ಉಳಿದ ಕಡೆ ಸುಕ್ಕುಗಟ್ಟಿ ಕೂತಿದ್ದವು.

ಗಂಧವನ್ನೆಲ್ಲ ಒರೆಸಿದೆ. ಕುಂಕುಮದ ಕಲೆಯನ್ನೂ ಒದ್ದೆ ಬಟ್ಟೆಯಲ್ಲಿ ತೆಗೆದೆ. ಪೂಜೆಯಾದ ಮೇಲೆ ಒರೆಸಿ ಚೊಕ್ಕಟ ಮಾಡುವುದು ಪ್ರತಿ ವರ್ಷ ನನ್ನದೇ ಕೆಲಸ. ಇದರಲ್ಲಿ ಹೊಸದೇನೂ ಇಲ್ಲ.

ಯಜಮಾನರು ಬಂದು ನೋಡಿ ಕುರ್ಚಿಯಲ್ಲಿ ಕುಸಿದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:

"ಇದಕ್ಕೆ ಗಂಧ ಹಚ್ಚಿದ್ರಾ ಚಕ್ರಪಾಣಿಗಳೇ?"

"ಇಲ್ಲ ಯಜಮಾನ್ರೇ. ಹೂವು ಮಾತ್ರ ಇಟ್ಟೆ."

ಬಾಯಿಂದ ಅದು ಹೇಗೆ ಬಂತೋ. ಹಚ್ಚಿದೆ ಅನ್ನುವುದಕ್ಕೇ ಬಾಯಿ ತೆರೆದವನು ನಾನು. ವಿಮಾನ ಹೋದ ಮೇಲೆ ಒಬ್ಬರು ಸಾಕು ಅನ್ನುವ ಮಾತು ನಾಲಿಗೆಗೆ ಅಡ್ಡ ಬಂತು.

ಅವರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಮಂಗಳವಾರ ಸಂಜೆ ಬರುವುದಿಲ್ಲ ಅಂದಳು, ಅಂದರೆ ಅದಾಗಲೇ ಆಗಿತ್ತು, ಆ ಮೈಯಲ್ಲೇ ವಿಮಾನ ಮುಟ್ಟಿದ್ದಾಳೆ, ಪೂಜೆಯ ಹಿಂದಿನ ದಿನ. ನಿಲ್ಲುತ್ತದೆಯೇ ಅಂದರು. ಆಮೇಲೆ ಇನ್ನೊಂದು ಹೊಳೆಯಿತು ಅವರಿಗೆ. ಆಗಸ್ಟಿನಿಂದ ಒಂದು ದಿನವೂ ರಜ ಹಾಕಿಲ್ಲ, ಹಾಗಾದರೆ ತಿಂಗಳು ತಿಂಗಳೂ ಹಾಗೇ ಬಂದು ಕೂತಿದ್ದಳಾ ಅಂದರು. ನನ್ನ ಮುಖ ನೋಡಿದರು.

ನಾನು ತಲೆ ಅಲ್ಲಾಡಿಸಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ.

ಮಧ್ಯಾಹ್ನ ಶೆಡ್ಡಿಗೆಲ್ಲ ಗಂಜಲ ಚಿಮುಕಿಸಿದರು. ನನ್ನ ಮೇಜಿಗೂ.

೧೭ ಅಕ್ಟೋಬರ್, ಶನಿವಾರ

ಬಂದಳು. ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲನ್ನು ಹಾಗೇ ಕಟ್ಟಿಕೊಂಡು, ಕೈಯಲ್ಲಿ ವಾರ್ನಿಷ್ ಹೊಡೆಯಲು ಹೊಸ ಕುಂಚ ತಂದಿದ್ದಳು. ಯಜಮಾನರು ಹೊಸ್ತಿಲ ಆಚೆಗೇ ನಿಲ್ಲಿಸಿದರು. ಸಂಬಳದ ಲಕೋಟೆಯನ್ನು ಕಟ್ಟೆಯ ಮೇಲಿಟ್ಟು, ತೊಗೊಂಡು ಹೋಗಮ್ಮ, ಕಾರಣ ನನ್ನ ಬಾಯಲ್ಲಿ ಹೇಳಿಸಬೇಡ ಅಂದರು.

ಅವಳಿಗೆ ಅರ್ಥವಾಗಲಿಲ್ಲ. ಒಳಗೆ ವಿಮಾನದ ಬಾಲ ಕಂಡಿತು. ಕಂಡ ಮೇಲೆ ಅರ್ಥವಾಯಿತು. ಅವಳು ಯಜಮಾನರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಸಾರ್, ನಾನು ನಿಮಗೆ ಹೇಳಿದ್ದೆ ಅಲ್ವಾ?"

ಯಜಮಾನರು ನನ್ನ ಕಡೆ ತಿರುಗಿ ಏನು ಹೇಳಿದ್ದಳು ಅಂದರು. ನನ್ನ ಕೈ ಕುಂಚ ಹಿಡಿಯದೆಯೇ ನಡುಗುತ್ತಿತ್ತು, ಜೇಬಿಗೆ ಹಾಕಿಕೊಂಡೆ. ಈಗ ಹೇಳುತ್ತಾಳೆ, ಈ ಮುದುಕನ ಕೈ ನಡುಗುತ್ತದೆ, ಇಷ್ಟು ದಿನ ಮುಚ್ಚಿಟ್ಟವಳು ನಾನು ಅಂತ ಈಗ ಹೇಳಿಬಿಡುತ್ತಾಳೆ ಅಂತ ಕಾದೆ.

"ನನಗೆ ನೆನಪಿಲ್ಲಮ್ಮ" ಅಂದೆ.

ಅವಳು ಕೈಯ ವಿಷಯ ಎತ್ತಲಿಲ್ಲ. ಲಕೋಟೆ ತೆಗೆದುಕೊಂಡಳು. ಹೊಸ ಕುಂಚವನ್ನು ಕಟ್ಟೆಯ ಮೇಲೆ ಇಟ್ಟು ಹೋದಳು. ಶೆಡ್ಡಿನ ದುಡ್ಡಿನಲ್ಲಿ ತಂದದ್ದಂತೆ.

೨೧ ಅಕ್ಟೋಬರ್, ಬುಧವಾರ

ಬಸ್ಸಿಗೆ ಬಣ್ಣ. ಎರಡು ಕೋಟು.

೨೩ ಅಕ್ಟೋಬರ್, ಶುಕ್ರವಾರ

ಆ ಹೆಂಗಸು ಪಿಂಗಾಣಿಯವರ ಹತ್ತಿರ ವಾಪಸು ಹೋಗಿರಬಹುದು. ಕೈಯಲ್ಲಿ ಕೆಲಸ ಇರುವವರಿಗೆ ಎಲ್ಲಾದರೂ ಸಿಗುತ್ತದೆ. ಐವತ್ತೆರಡು ವರ್ಷದ ನನ್ನನ್ನು ಯಾರು ಕರೆಯುತ್ತಾರೆ? ಅಲ್ಲದೆ ಹೊರಗೆ ಕೂರಬೇಕಾದ ದಿನಗಳಲ್ಲಿ ಅವಳು ಶೆಡ್ಡಿಗೆ ಬಂದಿದ್ದಳು ಅನ್ನುವುದೂ ಸುಳ್ಳಲ್ಲವಲ್ಲ.

ಬದರಿನಾಥ ಈಗ ಬುತ್ತಿಯನ್ನು ಹೊರಗೆ ಮರದ ಕೆಳಗೆ ಕೂತು ತಿನ್ನುತ್ತಾನೆ. ಸೆಕೆ ಅಂತೆ. ಅಕ್ಟೋಬರಿನಲ್ಲಿ ಏನು ಸೆಕೆಯೋ.

೨ ನವೆಂಬರ್, ಸೋಮವಾರ

ನೀರು ತುಂಬುವ ಹಬ್ಬ. ಈ ಸಲ ಅದೂ ನನ್ನ ತಲೆಗೇ ಬಂತು, ಲಕ್ಷ್ಮಿದೇವಮ್ಮ ಹೊರಗಾಗಿದ್ದಾಳೆ. ಹುಣಿಸೆಹಣ್ಣು ಹಾಕಿ ಹಂಡೆ ಬೆಳಗಿದೆ, ನೀರು ಸೇದಿದೆ, ಸೊಂಟ ಹಿಡಿದುಕೊಂಡಿತು. ಅವಳು ವರಾಂಡದ ಚಾಪೆಯ ಮೇಲೆ ಕೂತು ನೋಡುತ್ತಿದ್ದಳು.

ಇಂಗ್ಲೆಂಡಿನಿಂದ ಎರಡನೇ ಸೆಟ್ ಬರುವುದು ತಡವಾಗುತ್ತಿದೆ, ಎಲ್ಲ ಆ ಹೆಂಗಸಿನ ಮುಟ್ಟಿನಿಂದಾದ ಅವಾಂತರ ಅಂತ ಮಾತಿಗೆ ಹೇಳಿದೆ. ಅವಳಿಗೆ ಇಷ್ಟು ದಿನ ಹೇಳಿರಲಿಲ್ಲ. ಚಾಪೆಯ ಮೇಲೆ ನೆಟ್ಟಗೆ ಕೂತಳು. ಆಮೇಲೆ ಕೇಳಿದಳು:

"ನಾನು ತೇಯ್ದು ಕೊಟ್ಟ ಗಂಧ ಯಾವ್ಯಾವುದಕ್ಕೆ ಹಚ್ಚಿದ್ರಿ?"

ಎಲ್ಲದಕ್ಕೂ ಅಂದೆ. ಯೋಚನೆ ಮಾಡದೆ ಅಂದೆ.

"ಬಟ್ಟಲು ಖಾಲಿಯಾಗಿ ಬಂದಿತ್ತು. ವಿಮಾನಕ್ಕೂ ಹಚ್ಚಿದ್ರಿ ಅಲ್ವಾ?"

ನಾನು ಹಂಡೆಗೆ ನೀರು ಸುರಿಯುತ್ತಾ ಇದ್ದೆ. ಹಂಡೆ ತುಂಬಿ ಹೊರಗೆ ಚೆಲ್ಲಿತು. ಅವಳು ಮತ್ತೆ ಕೇಳಲಿಲ್ಲ. ಇಪ್ಪತ್ತಾರು ವರ್ಷದಿಂದ ತಿಂಗಳಿಗೆ ಮೂರು ದಿನ ಆ ಚಾಪೆಯ ಮೇಲೆ ಕೂತವಳು, ಇವತ್ತು ಮೊದಲ ಸಲ ನನಗೆ ಬೆನ್ನು ಹಾಕಿ ಕೂತಳು. ಸಾರಿಗೆ ಉಪ್ಪು ಎಷ್ಟು ಅಂತ ಕೇಳಿದೆ. ನಿಮಗೆ ತೋಚಿದಷ್ಟು ಹಾಕಿಕೊಳ್ಳಿ ಅಂದಳು.

೯ ನವೆಂಬರ್, ಸೋಮವಾರ

ಬೆಳ್ಳಿ ಬಟ್ಟಲು ಮನೆಯಲ್ಲಿ ನನ್ನ ಮೇಜಿನ ಮೇಲಿದೆ. ಮುಂದಿನ ವರ್ಷ ಗಂಧ ಬೇರೆ ಯಾರ ಹತ್ತಿರವಾದರೂ ತೇಯಿಸಿಕೊಳ್ಳಿ ಅಂತ ಲಕ್ಷ್ಮಿದೇವಮ್ಮ ಇಟ್ಟುಹೋಗಿದ್ದಾಳೆ. ಮುಂದಿನ ವರ್ಷಕ್ಕೆ ಈಗಲೇ ಏನು ಅವಸರ?

ಕೆಲಸ ಮುಗಿಸಿ ಲಾಲ್‌ಬಾಗಿನೊಳಗಿಂದ ವಿಲ್ಸನ್ ಗಾರ್ಡನ್‌ವರೆಗೆ ನಡೆದುಹೋದೆ. ಸುಮ್ಮನೆ, ಗಾಳಿಗೆ. ಜಯಾಳ ಮನೆ ಎಲ್ಲಿ ಅಂತ ನನಗೆ ಗೊತ್ತಿಲ್ಲ, ಕೇಳಿಯೇ ಇರಲಿಲ್ಲ. ಅಂಗಡಿಯೊಂದರಲ್ಲಿ ಕೇಳಬಹುದಿತ್ತು. ಕತ್ತಲಾಗುವ ಮೊದಲೇ ತಿರುಗಿ ಬಂದೆ.

೨೩ ನವೆಂಬರ್, ಸೋಮವಾರ

ಎರಡನೇ ಸೆಟ್ ಬಂತು. ಈ ಸಲ ನನ್ನನ್ನು ಬಿಟ್ಟು ಇನ್ಯಾರೂ ಇಲ್ಲ.

ನೀರು ಕುದಿಸಿ ಆರಿಸಿದೆ. ಜಾಗ ಒದ್ದೆ ಮಾಡಿಕೊಂಡೆ. ಮುಳುಗಿಸಿ ಇಪ್ಪತ್ತು ಎಣಿಸಿದೆ. ಅವಳು ಬಿಟ್ಟುಹೋದ ಕುಂಚ ಮೆತ್ತಗಿತ್ತು, ಅದನ್ನೇ ಹಿಡಿದೆ. ಕೈ ನಡುಗಿತು, ಅಕ್ಷರ ಓರೆಯಾಯಿತು, ನೀರಿತ್ತು, ತಳ್ಳಿದೆ. ಮತ್ತೆ ಓರೆಯಾಯಿತು, ಮತ್ತೆ ತಳ್ಳಿದೆ. ನಾಲ್ಕು ಗಂಟೆಗೆ ಬಾಲ ಮುಗಿಯಿತು. ಒಂದು ಗುಳ್ಳೆಯಿಲ್ಲ, ಒಂದು ಸುಕ್ಕಿಲ್ಲ. ಅವಳು ಕೂರಿಸಿದ್ದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಯಜಮಾನರು ಸುತ್ತು ಹಾಕಿ ನೋಡಿದರು. ಕಣ್ಣಲ್ಲಿ ನೀರು ಬಂದಿತ್ತು ಅವರಿಗೆ. ಹೊಸ ವರ್ಷಕ್ಕೂ ನೀವೇ ಅಂದರು. ಕಪಾಟು ತೆರೆದು ಆ ಸೀರೆಯ ಪೊಟ್ಟಣ ತೆಗೆದು, ಮನೆಯವರಿಗೆ ಕೊಡಿ ಅಂತ ನನ್ನ ಕೈಗಿಟ್ಟರು.

"ನೋಡಿ ಚಕ್ರಪಾಣಿಗಳೇ, ಮಡಿಯಿಂದ ಮಾಡಿದ್ರೆ ಹೇಗೆ ನಿಲ್ಲುತ್ತೆ ಅಂತ."

ಹೌದು ಯಜಮಾನ್ರೇ ಅಂದೆ. ಸೀರೆ ಹಸಿರು ಬಣ್ಣದ್ದು. ಇನ್ನೂ ಮನೆಯೊಳಗೆ ತಂದಿಲ್ಲ, ಸೈಕಲ್ಲಿನ ಕ್ಯಾರಿಯರ್‌ನಲ್ಲೇ ಇದೆ.